ಕಡಲ ಬದಿಯ ಮನೆಗೆ ಕರೆಂಟ್: ಮಳೆ ತಾಗದ ಜಾಗವನ್ನೇ ಮೊದಲು ಅನುಮಾನಿಸಿ

ನಮ್ಮ ಮನೆ ಇರುವುದು ಉಡುಪಿ ಕಡೆಯ ಒಂದು ಕುದ್ರುವಿನಲ್ಲಿ. ಸುತ್ತ ಹೊಳೆ, ಆಚೆ ಕಡಲು. ಪಂಪಿನ ಸ್ವಿಚ್ಚು, ವೈರುಗಳು ಕೂರುವ ಕಬ್ಬಿಣದ ಡಿಬಿ ಬಾಕ್ಸನ್ನು ಮಾಡಿನ ಅಡಿಯಲ್ಲಿ ಹಾಕಿಸಿದ್ದೆವು, ಒಂದು ಹನಿ ಮಳೆ ಬೀಳುವ ಜಾಗ ಅಲ್ಲ. ಮೂರನೇ ವರ್ಷಕ್ಕೆ ಅದರ ಬಾಗಿಲು ಕಿತ್ತು ಕೈಗೆ ಬಂತು! ಅಂಗಳದಲ್ಲಿ ನೆನೆಯುತ್ತಾ ನಿಂತ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಏನೂ ಆಗಿರಲಿಲ್ಲ.

ಕಾರಣ ಸರಳ. ಬಯಲಲ್ಲಿದ್ದದ್ದನ್ನು ಮಳೆ ತೊಳೆಯುತ್ತದೆ. ಮಾಡಿನಡಿ ಕೂತ ಉಪ್ಪು ಅಲ್ಲೇ ಇರುತ್ತದೆ, ರಾತ್ರಿಯ ತೇವ ಹೀರಿಕೊಂಡು ಲೋಹವನ್ನು ತಿನ್ನುತ್ತಾ ಹೋಗುತ್ತದೆ.

ಹಾಗಾಗಿ ಬಾಕ್ಸ್ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದು ಅಥವಾ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್, ಅಂದರೆ ಎಫ್‌ಆರ್‌ಪಿಯದ್ದೇ ಇರಲಿ, ಐಪಿ 65 (ಧೂಳು, ನೀರಿನ ಎರಚಲು ಒಳಗೆ ಹೋಗದ್ದು) ಅಂತ ನೋಡಿ ತನ್ನಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು, ಮಾಮೂಲಿ 304 ದರ್ಜೆ ಇಲ್ಲಿ ಕಲೆ ಹಿಡಿಯುತ್ತದೆ. ಕಡಲಗಾಳಿ ಪಡುವಿಂದ ಬರುವುದು, ಬಾಕ್ಸ್ ಮೂಡುಗೋಡೆಗೆ. ಕೇಬಲ್ ಕೆಳಗಿನಿಂದಲೇ ಒಳಗೆ ಹೋಗಬೇಕು, ತೂತಿಗೆ ಗ್ಲ್ಯಾಂಡ್ (ಕೇಬಲನ್ನು ಬಿಗಿಹಿಡಿಯುವ ಬಿರಡೆ) ಹಾಕಿ, ಹೊರಗೆ ಸ್ವಲ್ಪ ಜೋತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಸುಲಭ ಅಂತ ಮೇಲಿಂದ ತೂತು ಕೊರೆಯುವವರನ್ನು ಅಲ್ಲೇ ನಿಲ್ಲಿಸಿ.

ನಿಜವಾದ ತಲೆನೋವು ಜಾಯಿಂಟ್. ಅಲ್ಯೂಮಿನಿಯಂ ಕೇಬಲಿಗೆ ತಾಮ್ರದ ವೈರ್ ಸುತ್ತಿ ಟೇಪ್ ಹಚ್ಚುವುದು ನಮ್ಮಲ್ಲಿ ಮಾಮೂಲು, ಆದರೆ ಉಪ್ಪುನೀರಿನ ಪಸೆ ಸೇರಿದರೆ ಎರಡು ಲೋಹಗಳ ನಡುವೆ ಒಂದು ಬ್ಯಾಟರಿಯೇ ಆಗಿಬಿಡುತ್ತದೆ, ಸವೆಯುವುದು ಅಲ್ಯೂಮಿನಿಯಂ, ಜಾಯಿಂಟ್ ಸಡಿಲಾಗಿ ಬಿಸಿಯೇರುತ್ತದೆ. ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಬೈಮೆಟಲ್ ಲಗ್ ಹಾಕಿ, ಸರಿಯಾದ ಟೂಲಿನಲ್ಲೇ ಒತ್ತಿ ಬಿಗಿದು ಕ್ರಿಂಪ್ ಮಾಡಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ. ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಗಿದ್ದರೆ ಹೊಳಪು ಕಾಣುವವರೆಗೂ ಕತ್ತರಿಸಿ. ಹೊಸದು ಎಳೆಯುವುದಾದರೆ ತವರ ಲೇಪಿಸಿದ ತಾಮ್ರ ಒಳ್ಳೆಯದು, ಬೋಟುಗಳಿಗೆ ಹಾಕುವಂಥದ್ದು. ರೇಟು ಜಾಸ್ತಿ, ಏನು ಮಾಡುವುದು?

ಅರ್ಥಿಂಗ್ ಗುಂಡಿಗೆ ಉಪ್ಪು ಸುರಿಯುವ ಹಳೇ ಅಭ್ಯಾಸ ಬಿಡಿ, ಅದು ಪೈಪನ್ನೇ ತಿನ್ನುತ್ತದೆ. ತಾಮ್ರ ಲೇಪಿತ ರಾಡ್, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ಸಾಕು. ಅರ್ಥಿಂಗಿನ ರೆಸಿಸ್ಟೆನ್ಸ್ ಅಳತೆ ಮಾಡಿಸುವುದು ಏಪ್ರಿಲ್‌ನಲ್ಲಿ, ಮರಳು ಒಣಗಿರುವಾಗ. ಜುಲೈಯಲ್ಲಿ ಎಲ್ಲರ ಅರ್ಥಿಂಗೂ ಚಂದವೇ ಅಲ್ವಾ! ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಪಂಪ್ ಚಾಲೂ ಮಾಡಲೇಬೇಡಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ.

ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಬಾಕ್ಸ್ ಬಿಚ್ಚಿ ನೋಡಿಸಿ. ಮೇನ್ ಆಫ್ ಮಾಡಿದರೂ ಕಂಬದಿಂದ ಅದಕ್ಕೆ ಬರುವ ವೈರಿನಲ್ಲಿ ಕರೆಂಟ್ ಇರುತ್ತದೆ, ಮರೆಯಬೇಡಿ. ಹಸಿರು ಪುಡಿ ಕಂಡರೆ ತಾಮ್ರ ಕೆಟ್ಟಿದೆ, ಬಿಳಿ ಪುಡಿಯಾದರೆ ಅಲ್ಯೂಮಿನಿಯಂ. ಹೊರಮೈಯನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ.

ಬೇಸಿಗೆ ಕೊನೆಯಲ್ಲಿ, ಮಂಜು ಬಿದ್ದ ರಾತ್ರಿ ಅಥವಾ ಮೊದಲ ತುಂತುರು ಹನಿಗೆ ಕಂಬದ ಇನ್ಸುಲೇಟರ್ ಚಿರ್ರ್ ಅಂತ ಸದ್ದು ಮಾಡಿ ನೀಲಿ ಕಿಡಿ ತೋರಿಸಿದರೆ, ತಿಂಗಳುಗಟ್ಟಲೆ ಕೂತ ಉಪ್ಪು ಒದ್ದೆಯಾಗಿದೆ ಅಂತ ಅರ್ಥ. ದೋಟಿ ಹಿಡಿದುಕೊಂಡು ಹೋಗಬೇಡಿ. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಕಂಬದ ನಂಬರ್ ಹೇಳಿ.