ಲೀನ್ ಅಂದ್ರೆ ಜನ ಕಡಿಮೆ ಮಾಡೋದಲ್ಲ: ಒಂದು ಮಷಿನ್ ಶಾಪ್‌ನ ಅನುಭವ

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಲೀನ್, ಅಂದ್ರೆ ಕೆಲಸದಲ್ಲಿ ವ್ಯರ್ಥವಾಗೋದನ್ನ ಕಡಿಮೆ ಮಾಡೋ ಪದ್ಧತಿ, ಶುರು ಮಾಡೋಣ ಅಂದಾಗ ಆಪರೇಟರ್‌ಗಳು ಕೇಳಿದ್ದು ಒಂದೇ ಮಾತು: "ಯಾರನ್ನ ತೆಗೀತೀರ ಸಾರ್?" ಆ ಭಯ ಸುಮ್ನೆ ಬಂದಿದ್ದಲ್ಲ, ಎಷ್ಟೋ ಕಡೆ ಲೀನ್ ಹೆಸರಲ್ಲಿ ಜನರನ್ನೇ ಮನೆಗೆ ಕಳಿಸಿದ್ದಾರೆ. ಅದಕ್ಕೇ ಇದರಿಂದ ಯಾರ ಕೆಲಸವೂ ಹೋಗಲ್ಲ ಅಂತ ಮೊದಲು ಮಾಲೀಕರ ಬಾಯಲ್ಲೇ ಎಲ್ಲರ ಮುಂದೆ ಹೇಳಿಸಿದೆ.

ಟೊಯೋಟಾದಲ್ಲಿ ಈ ಪದ್ಧತಿಯ ಒಂದು ಬೇರು ಇರೋದು ಕಾರಿನಲ್ಲಲ್ಲ, ಮಗ್ಗದಲ್ಲಿ. ಟೊಯೋಟಾ ಸಮೂಹದ ಮೂಲಪುರುಷ ಸಕಿಚಿ ಟೊಯೋಡಾ ಅವರ 1924ರ ಮಗ್ಗ ನೂಲು ತುಂಡಾದರೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯ್ದು ಆಮೇಲೆ ಆರಿಸಿ ತೆಗೆಯೋದಕ್ಕಿಂತ ಅಲ್ಲೇ ನಿಲ್ಲಿಸೋದು ವಾಸಿ ಅಲ್ವಾ? ನಾವು ಹಿಡಿದದ್ದು ಇದನ್ನೇ.

ನಮ್ಮಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್‌ನಿಂದ ಬುಷ್‌ಗಳು, ಅಂದ್ರೆ ಕೊಳವೆಯಂಥ ಬಿಡಿಭಾಗಗಳು, ದೊಡ್ಡ ಕ್ರೇಟ್ ತುಂಬಿದ ಮೇಲೆ ಡ್ರಿಲ್ಲಿಂಗ್‌ಗೆ ಹೋಗುತ್ತಿದ್ದವು. ಬೋರ್ (ಒಳಗಿನ ತೂತು) ಸೈಜ್ ತಪ್ಪಿದ್ದು ಗೊತ್ತಾಗುತ್ತಿದ್ದದ್ದು ಕೊನೆಯ ಇನ್ಸ್‌ಪೆಕ್ಷನ್‌ನಲ್ಲಿ, ಅಷ್ಟೊತ್ತಿಗೆ ಇಡೀ ಲಾಟ್ ಮುಗಿದಿರುತ್ತಿತ್ತು. ಕ್ರೇಟ್ ತೆಗೆದು ಸಣ್ಣ ಟ್ರೇ ಇಟ್ಟೆವು. ಡ್ರಿಲ್ಲಿಂಗ್ ಮಾಡುವವರ ಕೈಗೆ ತೂತಿನ ಸೈಜ್ ನೋಡೋ ಪ್ಲಗ್ ಗೇಜ್ ಕೊಟ್ಟೆವು: ಒಳಗೆ ಹೋಗಬೇಕಾದ ಗೋ ಕಡೆ ಹೋಗದಿದ್ದರೆ, ಇಲ್ಲವೇ ಹೋಗಬಾರದ ನೋ-ಗೋ ಕಡೆ ಒಳಗೆ ಹೋದರೆ ಕೆಂಪು ದೀಪ ಹಾಕಿ, ಲೇತ್ ನಿಲ್ಲಿಸಿ, ಯಾರ ಅಪ್ಪಣೆಯೂ ಬೇಡ.

ದೀಪ ಉರೀತು. ಲೇತ್‌ನ ಇನ್ಸರ್ಟ್ (ಲೋಹ ಕತ್ತರಿಸೋ ಬದಲಿಸಬಹುದಾದ ತುದಿ) ಮೂಲೆ ಒಡೆದಿತ್ತು. ಬೇರೆ ಇನ್ಸರ್ಟ್ ಹಾಕಿ ಸುಮ್ಮನಾಗಬಹುದಿತ್ತು. ಯಾಕೆ ಒಡೀತು? ಕೂಲೆಂಟ್ (ತಣ್ಣಗಿಡೋ ದ್ರವ) ಸರಿಯಾಗಿ ಬೀಳುತ್ತಿರಲಿಲ್ಲ. ಯಾಕೆ? ಪೈಪ್ ಪಕ್ಕಕ್ಕೆ ತಿರುಗಿತ್ತು. ಯಾಕೆ? ಚಿಪ್ಸ್ (ಲೋಹದ ಸಿಪ್ಪೆ) ಎಳೆಯೋ ಕೊಕ್ಕೆ ಪ್ರತಿ ಸಲ ಅದಕ್ಕೆ ತಗಲುತ್ತಿತ್ತು. ಇದನ್ನು ಹೇಳಿದ್ದು ಆ ಲೇತ್ ಆಪರೇಟರೇ, ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಒಂದು ಕ್ಲ್ಯಾಂಪ್ ಹಾಕಿದೆವು, ಪೈಪ್ ಈಗ ಅಲುಗಾಡಲ್ಲ. ಇಂಥವರನ್ನು ಕಳಿಸಿ ಲೀನ್ ಮಾಡೋದು ಹೇಗೆ ಹೇಳಿ!

ಸ್ಟಾಕ್ ಪೂರ್ತಿ ಸೊನ್ನೆ ಮಾಡಬೇಕು ಅನ್ನೋದೂ ತಪ್ಪು ತಿಳುವಳಿಕೆ. 2011ರ ಜಪಾನ್ ಭೂಕಂಪದ ನಂತರ ಟೊಯೋಟಾನೇ ಸಪ್ಲೈಯರ್‌ಗಳಿಗೆ ಕೆಲವು ತಿಂಗಳಿಗಾಗುವಷ್ಟು ಎಲೆಕ್ಟ್ರಾನಿಕ್ ಚಿಪ್ ಇಟ್ಟುಕೊಳ್ಳಿ ಅಂದಿತು. ನಮಗೂ ಬಾರ್ (ಕಚ್ಚಾ ಲೋಹದ ಸರಳು) ಬರೋದು ತಡ ಆಗುತ್ತದೆ, ಅದಕ್ಕೆ ಅದನ್ನು ಸ್ವಲ್ಪ ಜಾಸ್ತಿನೇ ಇಡುತ್ತೇವೆ. ಎರಡು ಮಷಿನ್ ನಡುವೆ ಮಾಲು ರಾಶಿ ಬೀಳೋದಕ್ಕೆ ಮಾತ್ರ ಬಿಡಲ್ಲ. ಇನ್ನು 5ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿಡೋ ಪದ್ಧತಿ) ಅಂದ್ರೆ ಆಡಿಟ್ ದಿನ ಗುಡಿಸಿ ಬಣ್ಣ ಹೊಡೆಯೋದಲ್ಲ. ಬೇಕಾದ ಗೇಜ್ ಹುಡುಕದೆ ಕೈಗೆ ಸಿಕ್ಕರೆ ಅದೇ 5ಎಸ್.

ಲಾಟ್ ಸಣ್ಣದಾದರೆ ಸೆಟ್ಟಿಂಗ್ ಪದೇ ಪದೇ ಬದಲಿಸಬೇಕು, ಅಲ್ಲೇ ಕಷ್ಟ. ಈಗ ಮಷಿನ್ ಓಡ್ತಿರುವಾಗಲೇ ಮುಂದಿನ ಜಾಬ್‌ನ ಜಾ (ಪೀಸ್ ಹಿಡಿಯೋ ದವಡೆ), ಇನ್ಸರ್ಟ್, ಗೇಜ್ ಎಲ್ಲವನ್ನೂ ಟ್ರಾಲಿಯಲ್ಲಿ ಜೋಡಿಸಿಡುತ್ತೇವೆ. ಫಸ್ಟ್ ಪೀಸ್ ಅಪ್ರೂವಲ್‌ಗೆ, ಅಂದ್ರೆ ಹೊಸ ಸೆಟ್ಟಿಂಗ್‌ನ ಮೊದಲ ಪೀಸ್ ಸರಿ ಇದೆ ಅನ್ನೋ ಒಪ್ಪಿಗೆಗೆ, ಕಾಯೋದು ಇನ್ನೂ ಇದೆ, ಸದ್ಯ ಅದರ ಹಿಂದೆ ಬಿದ್ದಿದ್ದೇವೆ.