ಒಂದು ಲೀಟರ್ ಕಡಲನ್ನು ಮನೆಗೆ ತನ್ನಿ

ಮಲ್ಪೆಗೆ ಹೋದವರು ಚಿಪ್ಪು ಹೆಕ್ಕಿ ತರುತ್ತಾರೆ. ಮುಂದಿನ ಸಲ ಒಂದು ಬಾಟಲಿ ನೀರನ್ನೂ ತನ್ನಿ. ಕಡಲಿನ ಉಪ್ಪು ಒಂದೇ ಉಪ್ಪಲ್ಲ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು.

ನೀರು ತುಂಬಿಸಲು ಬೇಸಿಗೆಯೇ ಸರಿ. ಮಳೆಗಾಲದಲ್ಲಿ ಹೊಳೆಗಳ ಕೆಂಪು ನೀರು ಬೆರೆತು ತೀರದ ಉಪ್ಪು ತೆಳುವಾಗುತ್ತದೆ, ಕಡಲಿಗೆ ಇಳಿಯುವುದೂ ಅಪಾಯ. ಸ್ವರ್ಣಾ, ಸೀತಾ ಸೇರುವ ಕೋಡಿ ಬೆಂಗ್ರೆಯ ಅಳಿವೆಯ ನೀರಂತೂ ಬೇಡ. ಸೇಂಟ್ ಮೇರೀಸ್ ದ್ವೀಪದಿಂದ ತಂದರೆ ಇನ್ನೂ ಒಳ್ಳೆಯದು. ತೆಳು ಬೈರಾಸನ್ನು ಎರಡು ಮಡಿಕೆ ಮಾಡಿ ಸೋಸಿ, ಒಂದು ರಾತ್ರಿ ಬಿಡಿ. ಹೊಯಿಗೆ ತಳ ಸೇರುತ್ತದೆ.

ಮೊದಲು ತೂಕ. ಒಂದೇ ಬಾಟಲಿಗೆ ಒಮ್ಮೆ ಬಾವಿ ನೀರು, ಒಮ್ಮೆ ಕಡಲ ನೀರು ಕಂಠದವರೆಗೆ ತುಂಬಿ ತೂಗಿ. ಲೀಟರಿಗೆ ಸುಮಾರು 25 ಗ್ರಾಂ ವ್ಯತ್ಯಾಸ ಕಾಣುತ್ತದೆ. ತೆರೆದ ಕಡಲಿನ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿದೆ: ಕ್ಲೋರೈಡ್ 19, ಸೋಡಿಯಂ 11, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಕಡಲಿನಲ್ಲಿ ಸೋಪು ನೊರೆ ಕೊಡದಿರುವುದಕ್ಕೆ ಈ ಮೆಗ್ನೀಸಿಯಂ, ಕ್ಯಾಲ್ಸಿಯಂಗಳೇ ಕಾರಣ. ಉಪ್ಪು ಹೆಚ್ಚಲಿ, ಕಡಿಮೆಯಾಗಲಿ, ಇವುಗಳ ಪರಸ್ಪರ ಪ್ರಮಾಣ ಮಾತ್ರ ಕದಲುವುದಿಲ್ಲ. ‘ಚಾಲೆಂಜರ್’ ಹಡಗು 1872ರಿಂದ 1876ರವರೆಗೆ ಲೋಕದ ಸಾಗರಗಳಿಂದ ತುಂಬಿ ತಂದ ನೀರಿನ 77 ಮಾದರಿಗಳನ್ನು ಪರೀಕ್ಷಿಸಿ ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ 1884ರಲ್ಲಿ ಇದನ್ನು ದೃಢಪಡಿಸಿದ. ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ ಇದು.

ಇನ್ನು ಒಲೆ. ಉರಿ ಸಣ್ಣದಿರಲಿ. ನೀರು ಅರ್ಧಕ್ಕೆ ಇಳಿಯುವಾಗ ತಳದಲ್ಲಿ ಸುಣ್ಣದಂಥ ಪೊರೆ ಮೂಡುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕಾಲು ಲೀಟರ್ ಉಳಿದಾಗ ಆರಿಸಿ, ತಣಿಸಿ, ಅಗಲ ಲೋಟಕ್ಕೆ ಸುರಿದು ತಾಜಾ ಮೊಟ್ಟೆಯೊಂದನ್ನು ಬಿಡಿ. ಕಡಲ ನೀರಿನಲ್ಲಿ ಮುಳುಗುವ ಮೊಟ್ಟೆ ಇಲ್ಲಿ ತೇಲುತ್ತದೆ.

ಆ ನೀರನ್ನು ಸೋಸಿ ಪಿಂಗಾಣಿ ತಟ್ಟೆಯಲ್ಲಿ ಬಿಸಿಲಿಗಿಡಿ. ಅವಸರ ಬೇಡ, ನೋಡಬೇಕಾದದ್ದೆಲ್ಲ ಇನ್ನು ಮುಂದೆಯೇ. ಮೊದಲು ಜಿಪ್ಸಂ, ಅಂದರೆ ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟ್, ಬೇರ್ಪಡುತ್ತದೆ. ಮೂಲ ನೀರಿನ ಹತ್ತನೇ ಒಂದು ಪಾಲು ಉಳಿಯುವ ಹೊತ್ತಿಗೆ ಅಡುಗೆ ಉಪ್ಪಿನ ಸರದಿ: ನೀರಿನ ಮೇಲೆ ಸಾಸಿವೆಗಿಂತ ಚಿಕ್ಕ ಚೌಕಗಳು ತೇಲುತ್ತವೆ. ಭೂತಗನ್ನಡಿ ಹಿಡಿದರೆ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕಿಳಿದ, ನಡು ಟೊಳ್ಳಾದ ಪುಟ್ಟ ಕಲ್ಯಾಣಿಗಳು! ಭಾರವಾದಂತೆ ಒಂದೊಂದಾಗಿ ಮುಳುಗುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲು ಮಾಡುವುದೂ ಇದೇ ಕೆಲಸ.

ಕೊನೆಗೆ ಉಳಿಯುವ ಒಂದೆರಡು ಚಮಚ ಮಂದ ದ್ರವವನ್ನು ಬೇರೆ ಬಟ್ಟಲಿಗೆ ಬಸಿಯಿರಿ. ಅದು ಕಹಿ, ಮೆಗ್ನೀಸಿಯಂ ತುಂಬಿದ್ದು. ತೀರದ ನೀರು ಎಷ್ಟು ಶುದ್ಧವೆಂದು ಕಣ್ಣಿಗೆ ತಿಳಿಯದಾದ್ದರಿಂದ ಯಾವುದನ್ನೂ ನಾಲಿಗೆಗೆ ಹಚ್ಚಬೇಡಿ. ಬಟ್ಟಲನ್ನು ಒಣಗಿಸಲು ಹೋದರೆ ಸುಲಭದಲ್ಲಿ ಒಣಗದು, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಆಟಿಯ ಮಳೆಯಲ್ಲಿ ಕಲ್ಲುಪ್ಪಿನ ಭರಣಿ ನೀರೊಡೆಯುವುದು ಈ ಮೆಗ್ನೀಸಿಯಂ ಕ್ಲೋರೈಡ್ ಸ್ವಲ್ಪ ಉಳಿದುಬಿಡುವುದರಿಂದ.