ಕೇಳದೆ ಬದಲಾದ ಮೊಬೈಲ್ ಪ್ಲಾನ್: ಡಾಕೆಟ್ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ

ನಿವೃತ್ತ ಶಿಕ್ಷಕರಾದ ನಮ್ಮ ಚಿಕ್ಕಪ್ಪನ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಒಮ್ಮೆ ಅವರು ಕೇಳಿರದ ಸೇವೆಯೊಂದು ತಿಂಗಳಿಗೆ 99 ರೂಪಾಯಿಯಂತೆ ಸೇರಿಕೊಂಡಿತ್ತು. ಅವರು ಮೂರು ಬಾರಿ ಕಸ್ಟಮರ್ ಕೇರ್‌ಗೆ ಕರೆ ಮಾಡಿದರು, ಮೂರು ಬಾರಿಯೂ "ತೆಗೆದಿದ್ದೇವೆ ಸರ್" ಎಂಬ ಉತ್ತರ ಬಂತು, ಮರುತಿಂಗಳು ಅದೇ ಸಾಲು ಬಿಲ್ಲಿನಲ್ಲಿ ಮತ್ತೆ ಕಾಣಿಸಿತು. ನಾಲ್ಕನೆಯ ಕರೆಯ ಹೊತ್ತಿಗೆ ಪಕ್ಕದಲ್ಲಿ ಕುಳಿತಿದ್ದ ನನಗೆ ತಪ್ಪು ಎಲ್ಲಿ ಆಗುತ್ತಿದೆ ಎಂಬುದು ತಿಳಿಯಿತು. ಅಷ್ಟು ದಿನಗಳಲ್ಲಿ ಅವರ ಹೆಸರಿನಲ್ಲಿ ಒಂದೇ ಒಂದು ದೂರು ಕೂಡ ದಾಖಲಾಗಿರಲಿಲ್ಲ; ದೂರು ದಾಖಲಾದಾಗ ಸಿಗುವ ಗುರುತಿನ ಸಂಖ್ಯೆ, ಅಂದರೆ ಡಾಕೆಟ್ ಸಂಖ್ಯೆ, ಅವರ ಬಳಿ ಇರಲಿಲ್ಲ.

ಮೊದಲು ಬದಲಾದದ್ದು ಏನು ಎಂಬುದನ್ನು ಗುರುತಿಸಿಕೊಳ್ಳಬೇಕು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಂತೆ ಮುಂದಿನ ರೀಚಾರ್ಜ್‌ನ ಬೆಲೆ ಹೆಚ್ಚಾದರೆ ಅದರ ವಿರುದ್ಧ ದೂರು ನಿಲ್ಲುವುದಿಲ್ಲ. ಪ್ಯಾಕ್ ಬದಲಿಸುವುದು ಅಥವಾ ಕಂಪನಿ ಬದಲಿಸುವುದು ಮಾತ್ರ ದಾರಿ. ಆದರೆ ನೀವು ಸೇರಿಕೊಂಡ ಪ್ಲಾನ್‌ನ ದರವನ್ನು ಸೇರಿದ ದಿನದಿಂದ ಆರು ತಿಂಗಳೊಳಗೆ ನಿಮಗೆ ನಷ್ಟವಾಗುವಂತೆ ಏರಿಸಿದರೆ, ಅಥವಾ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಶುಲ್ಕದ ಸೇವೆಯೊಂದನ್ನು ಜೋಡಿಸಿದರೆ, ಅದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ನಿಯಮಗಳ ಉಲ್ಲಂಘನೆ. ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್‌ನಂತಹ ಮೌಲ್ಯವರ್ಧಿತ ಸೇವೆಗಳಿಗೆ ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದು 2013ರಿಂದಲೇ ನಿಯಮವಿದೆ.

ಎರಡನೆಯದಾಗಿ, ಸೇವೆಯನ್ನು ನಿಲ್ಲಿಸುವ ಮೊದಲೇ ಸಾಕ್ಷ್ಯವನ್ನು ತೆಗೆದಿಟ್ಟುಕೊಳ್ಳಿ: ಹಳೆಯ ಬಿಲ್, ಹೊಸ ಬಿಲ್, "ಸೇವೆ ಸಕ್ರಿಯವಾಗಿದೆ" ಎಂಬ ಎಸ್ಸೆಮ್ಮೆಸ್‌ನ ಸ್ಕ್ರೀನ್‌ಶಾಟ್. ಪ್ರೀಪೇಯ್ಡ್ ಗ್ರಾಹಕರು 50 ರೂಪಾಯಿ ಮೀರದ ಶುಲ್ಕ ಕೊಟ್ಟು ಬಳಕೆಯ ವಿವರವಾದ ಪಟ್ಟಿಯನ್ನು ಕೇಳಿ ಪಡೆಯಬಹುದು. ಆ ನಂತರ 155223ಕ್ಕೆ ಕರೆ ಮಾಡಿ ಸೇವೆಯನ್ನು ನಿಲ್ಲಿಸಿ. ಸೇವೆ ಶುರುವಾದ 24 ಗಂಟೆಯೊಳಗೆ ಕೇಳಿಕೊಂಡರೆ ಕಡಿತವಾದ ಹಣ ಹಿಂದಿರುಗಬೇಕು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ದೂರು ಕೊಡಬೇಕಾದ ಉಚಿತ ಸಂಖ್ಯೆ 198. ಅಂತರ್ಜಾಲದಲ್ಲಿ ಹುಡುಕಿ ಸಿಗುವ "ಕಸ್ಟಮರ್ ಕೇರ್" ಸಂಖ್ಯೆಗಳಿಗೆ ಎಂದಿಗೂ ಕರೆ ಮಾಡಬೇಡಿ. ಅವುಗಳಲ್ಲಿ ವಂಚಕರದ್ದೂ ಇರುತ್ತವೆ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆಗೇ ಕೈಹಾಕುತ್ತಾರೆ. 198ರಲ್ಲಿ ಮಾತಿಗೆ ಸಿಕ್ಕ ಸಿಬ್ಬಂದಿಗೆ ನಿಮ್ಮ ಕಥೆಯನ್ನು ಆರಂಭದಿಂದ ಹೇಳುವ ಅಗತ್ಯವಿಲ್ಲ. "ನನ್ನ ಒಪ್ಪಿಗೆಯಿಲ್ಲದೆ ಇಂಥ ದಿನಾಂಕದಂದು ಈ ಸೇವೆಯನ್ನು ಸೇರಿಸಲಾಗಿದೆ, ಇದನ್ನು ದೂರು ಎಂದು ದಾಖಲಿಸಿ ಡಾಕೆಟ್ ಸಂಖ್ಯೆ ಕೊಡಿ" ಎಂದಷ್ಟೇ ಹೇಳಿ. ಸೇವೆ ಇನ್ನೂ ನಿಂತಿಲ್ಲದಿದ್ದರೆ ಅವರು ಅದನ್ನು ಅಲ್ಲೇ ನಿಲ್ಲಿಸಿ, "ಸಮಸ್ಯೆ ಪರಿಹಾರವಾಗಿದೆ, ಇನ್ನೇನಾದರೂ ಸಹಾಯ ಬೇಕೇ?" ಎಂದು ಕೇಳುತ್ತಾರೆ. ನಮ್ಮ ಚಿಕ್ಕಪ್ಪ ಮೂರು ಸಲವೂ ಇದೇ ಜಾಗದಲ್ಲಿ "ಥ್ಯಾಂಕ್ಸ್ ಅಮ್ಮ" ಎಂದು ಫೋನ್ ಇಟ್ಟುಬಿಟ್ಟಿದ್ದರು. ಸೇವೆ ನಿಲ್ಲಿಸುವುದು ಒಂದು ಕೋರಿಕೆಯ ಪೂರೈಕೆ ಮಾತ್ರ; ಕಡಿತವಾದ ಹಣದ ಬಗೆಗಿನ ದೂರು ಅದರಿಂದ ದಾಖಲಾಗುವುದಿಲ್ಲ. ಆದ್ದರಿಂದ ಬೇಡಿಕೆಯನ್ನು ಮತ್ತೆ ಹೇಳಿ, ಡಾಕೆಟ್ ಸಂಖ್ಯೆಯ ಎಸ್ಸೆಮ್ಮೆಸ್ ನಿಮ್ಮ ಫೋನಿಗೆ ಬರುವವರೆಗೂ ಕರೆಯಲ್ಲೇ ಇರಿ. ಸಂಖ್ಯೆ, ದಿನಾಂಕ, ಸಮಯ, ಮಾತನಾಡಿದವರ ಹೆಸರು ಇವಿಷ್ಟನ್ನೂ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳಿ. ಅದೇ ದಿನ ಕಂಪನಿಗೆ ಇದೇ ವಿವರಗಳ ಇಮೇಲ್ ಒಂದನ್ನು ಕಳುಹಿಸಬೇಕೆಂಬುದು ನನ್ನ ಖಚಿತ ಸಲಹೆ. ಬಾಯಿಮಾತನ್ನು ಅಲ್ಲಗಳೆಯುವುದು ಸುಲಭ, ಬರಹವನ್ನು ಅಲ್ಲಗಳೆಯುವುದು ಕಷ್ಟ.

ಈ ಕರೆಯಲ್ಲೋ ಅದರ ನಂತರದಲ್ಲೋ ಯಾರಾದರೂ "ಇದಕ್ಕಿಂತ ಒಳ್ಳೆಯ ಪ್ಲಾನ್‌ಗೆ ಬದಲಿಸುತ್ತೇವೆ, ಬಂದಿರುವ ಓಟಿಪಿ ಹೇಳಿ" ಎಂದರೆ ಹೇಳಬೇಡಿ. ಓಟಿಪಿ ಹೇಳಿದರೆ ಅದನ್ನೇ ನಿಮ್ಮ ಒಪ್ಪಿಗೆಯೆಂದು ಮುಂದೆ ತೋರಿಸಬಹುದು.

ವಿವಾದದ ಮೊತ್ತ ಸಣ್ಣದಾಗಿದ್ದರೆ ಪೂರ್ತಿ ಬಿಲ್ ಕಟ್ಟಿಬಿಡಿ, "ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ" ಎಂದು ಇಮೇಲ್‌ನಲ್ಲಿ ಬರೆಯಿರಿ. ಹಟ ಹಿಡಿದು ಬಿಲ್ ಉಳಿಸಿಕೊಂಡರೆ ಹೊರಹೋಗುವ ಕರೆಗಳು ನಿಲ್ಲುತ್ತವೆ. ಕೊನೆಗೆ ಬ್ಯಾಂಕ್ ಮತ್ತು ಆಧಾರ್‌ಗೆ ಜೋಡಣೆಯಾದ ಸಂಖ್ಯೆಯೇ ಕೈತಪ್ಪಬಹುದು.

ಬಿಲ್ಲಿನ ದೂರುಗಳು ನಾಲ್ಕರಿಂದ ಆರು ವಾರಗಳಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ಸಂಖ್ಯೆಯನ್ನು ಉಲ್ಲೇಖಿಸಿ ಬರೆಯಿರಿ. ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು, ವಿಳಾಸ ಕಂಪನಿಯ ಜಾಲತಾಣದಲ್ಲಿರುತ್ತದೆ. ಚಿಕ್ಕಪ್ಪನ ಹಣ ಹಿಂದಿರುಗಿದ್ದು ಈ ಹಂತದಲ್ಲಿ. ಟ್ರಾಯ್‌ಗೆ ನೇರವಾಗಿ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವವರನ್ನೂ ಕಂಡಿದ್ದೇನೆ. ಒಬ್ಬೊಬ್ಬ ಗ್ರಾಹಕರ ದೂರನ್ನು ಇತ್ಯರ್ಥಪಡಿಸುವುದು ಟ್ರಾಯ್‌ನ ಕೆಲಸವಲ್ಲ, ಅದು ಪತ್ರವನ್ನು ಕಂಪನಿಗೇ ರವಾನಿಸುತ್ತದೆ.

ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಮೊಬೈಲ್ ಕಂಪನಿಗಳ ವಿರುದ್ಧದ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ.

ಕಂಪನಿಯೇ ಬೇಡವೆನಿಸಿದರೆ PORT ಎಂಬ ಇಂಗ್ಲಿಷ್ ಪದ, ಒಂದು ಖಾಲಿ ಜಾಗ, ನಂತರ ನಿಮ್ಮ ಸಂಖ್ಯೆಯನ್ನು ಬರೆದು 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿ. ಉತ್ತರವಾಗಿ ಬರುವ ಎಂಟು ಅಕ್ಷರಗಳ ಕೋಡ್ ಕರ್ನಾಟಕದಲ್ಲಿ ನಾಲ್ಕು ದಿನ ಮಾತ್ರ ಊರ್ಜಿತವಾಗಿರುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಿ. ಹಳೆಯ ಬಿಲ್ಲುಗಳನ್ನು ಮತ್ತು ದೂರಿನ ದಾಖಲೆಗಳನ್ನು ಅದಕ್ಕೂ ಮೊದಲೇ ಇಳಿಸಿಕೊಂಡಿರಿ. ಸಂಖ್ಯೆ ವರ್ಗಾವಣೆಯಾದ ಮೇಲೆ ಹಳೆಯ ಕಂಪನಿಯ ಆ್ಯಪ್ ನಿಮಗೆ ತೆರೆದುಕೊಳ್ಳದೆ ಇರಬಹುದು.